ನಾಲ್ವರು ಆಡುವ ಆಟ, ಅಂಗೈಯಗಲದ ಪರದೆ: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಮಾನ್ಯ ಸಂಪಾದಕರೇ,

ದಸರಾ, ಬೇಸಿಗೆ ರಜೆ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ವಿಡಿಯೊ ಆಟದ ಯಂತ್ರಗಳಾದ ಗೇಮ್ ಕನ್ಸೋಲ್‌ಗಳ ಪರಿಚಯ ಬರುತ್ತದೆ. ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು, ಬೆಲೆ ಎಷ್ಟು ಎಂಬಲ್ಲಿಗೆ ಅದು ಮುಗಿಯುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಆಡಬಹುದೇ, ಅದಕ್ಕೆ ಡಬ್ಬಿಯಲ್ಲಿ ಬರುವ ಸಾಮಾನು ಸಾಕೇ ಎಂದು ಯಾರೂ ಬರೆಯುವುದಿಲ್ಲ. ಹಾಗಾಗಿ ಹೊರದೇಶದಿಂದ ಬರುವ ನೆಂಟರ ಕೈಲಿ ‘ಚಿಕ್ಕದು, ಅಗ್ಗದ್ದು’ ಎಂದು ನಿಂಟೆಂಡೊ ಕಂಪನಿಯ ಸ್ವಿಚ್ ಲೈಟ್ ಕನ್ಸೋಲ್ ತರಿಸಿ, ಜೊತೆಗೆ ‘ಸೂಪರ್ ಮಾರಿಯೊ ಪಾರ್ಟಿ’ ಎಂಬ ಆಟದ ಕಾರ್ಡನ್ನೂ ತರಿಸಿಕೊಂಡವರು ಪೆಚ್ಚಾಗುತ್ತಾರೆ. ಕನ್ಸೋಲ್ ಕೆಟ್ಟಿಲ್ಲ, ಕಾರ್ಡೂ ಅಸಲಿಯೇ. ಆದರೆ ಆ ಎರಡನ್ನೇ ಇಟ್ಟುಕೊಂಡು ಒಂದು ಸುತ್ತನ್ನೂ ಆಡಲಾಗುವುದಿಲ್ಲ.

ಕಾರಣ ಸರಳ. 2017ರಲ್ಲಿ ಬಂದ ಮೂಲ ಸ್ವಿಚ್ ಅನ್ನು ಮೂರು ರೀತಿ ಆಡಬಹುದು: ಟಿವಿಗೆ ಜೋಡಿಸಿ, ಹಿಂದಿನ ಕಾಲು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿ, ಇಲ್ಲವೇ ಕೈಯಲ್ಲಿ ಹಿಡಿದು. ಅದರ ಎರಡು ಪಕ್ಕದಲ್ಲಿ ಗುಂಡಿಗಳಿರುವ, ಕೈಯಲ್ಲಿ ಹಿಡಿಯುವ ಜಾಯ್-ಕಾನ್ ಕಂಟ್ರೋಲರ್‌ಗಳು ಕಳಚಿಕೊಳ್ಳುತ್ತವೆ. 2019ರ ಲೈಟ್‌ನಲ್ಲಿ ಗುಂಡಿಗಳೆಲ್ಲ ಮೈಗೇ ಅಂಟಿವೆ. ಕಾಲಿಲ್ಲ, ಟಿವಿಗೂ ಹೋಗುವುದಿಲ್ಲ. ಅತ್ತ 2018ರ ಸೂಪರ್ ಮಾರಿಯೊ ಪಾರ್ಟಿಗೆ ಪ್ರತಿ ಆಟಗಾರನ ಕೈಯಲ್ಲೂ ಬಿಡಿ ಜಾಯ್-ಕಾನ್ ಒಂದು ಇರಲೇಬೇಕು. ಬಾಣಲೆ ಆಡಿಸುವಂತೆ ಅದನ್ನು ಓಲಾಡಿಸಿ ಮಾಂಸದ ತುಂಡಿನ ಆರೂ ಮುಖ ಬೇಯಿಸುವಂಥ ಮಿನಿಗೇಮ್‌ಗಳು ಅದರಲ್ಲಿವೆ. ಕನ್ಸೋಲನ್ನೇ ಕೈಯಲ್ಲಿ ಹಿಡಿದು ಆಡುವ ವಿಧಾನ ಆ ಆಟದಲ್ಲಿ ಇಲ್ಲವೇ ಇಲ್ಲ. ಲೈಟ್‌ನಲ್ಲಿ ಆಡಲೇಬೇಕೆಂದರೆ ಜಾಯ್-ಕಾನ್ ಬೇರೆ ಕೊಳ್ಳಬೇಕು, ನಿಲ್ಲಿಸಲು ಸ್ಟ್ಯಾಂಡ್ ಬೇರೆ, ಲೈಟ್‌ಗೆ ಜಾಯ್-ಕಾನ್ ಸಿಕ್ಕಿಸುವ ಹಳಿಯಿಲ್ಲವಾದ್ದರಿಂದ ಅವನ್ನು ಚಾರ್ಜ್ ಮಾಡುವ ಗ್ರಿಪ್ ಬೇರೆ. ಇಷ್ಟೆಲ್ಲ ಖರ್ಚು ಮಾಡಿ ಕಡೆಗೆ ನಾಲ್ವರು 5.5 ಇಂಚಿನ ಪರದೆಗೆ ಇಣುಕುವುದು! ಅದರ ಬದಲು ಮೂಲ ಸ್ವಿಚ್ಚನ್ನೇ ತರಿಸುವುದು ಮೇಲು.

ಆಟದ ಡಬ್ಬಿಯ ಹಿಂಬದಿಯಲ್ಲಿ ಟಿವಿ, ಮೇಜು, ಕೈ ಈ ಮೂರರ ಪುಟ್ಟ ಚಿತ್ರಗಳಿರುತ್ತವೆ, ಪಕ್ಕದಲ್ಲಿ ಎಷ್ಟು ಆಟಗಾರರು ಎಂಬ ಸಂಖ್ಯೆ. ಅಂಗಡಿಯವರ ಮಾತಿಗಿಂತ ಮೊದಲು ನೋಡಬೇಕಾದ್ದು ಅದನ್ನು.

ಕೈಯಲ್ಲಿ ಅಥವಾ ಮೇಜಿನ ಮೇಲೆ ಆಡುವವರಿಗೆ ನನ್ನ ಮಟ್ಟಿಗೆ ಒಳ್ಳೆಯದು 2021ರ ‘ಮಾರಿಯೊ ಪಾರ್ಟಿ ಸೂಪರ್‌ಸ್ಟಾರ್ಸ್’. ಎಲ್ಲವೂ ಗುಂಡಿ ಮತ್ತು ಹೆಬ್ಬೆರಳಲ್ಲಿ ಹೊರಳಿಸುವ ಸ್ಟಿಕ್‌ನಿಂದಲೇ ನಡೆಯುತ್ತದೆ, ಓಲಾಡಿಸುವ ಕೆಲಸವಿಲ್ಲ, ಲೈಟ್‌ನಲ್ಲೂ ಸರಾಗ. ನಿಂಟೆಂಡೊ 64 ಎಂಬ ಹಳೆಯ ಕನ್ಸೋಲಿನ ಕಾಲದ ಐದು ಬೋರ್ಡ್‌ಗಳು, ಹಳೆಯ ಆಟಗಳಿಂದ ಆರಿಸಿದ 100 ಮಿನಿಗೇಮ್‌ಗಳು ಅದರಲ್ಲಿವೆ. 2024ರ ‘ಜಾಂಬೊರೀ’ ಇನ್ನೂ ದೊಡ್ಡದು, ಏಳು ಬೋರ್ಡ್‌ಗಳಿವೆ. ಕೈಯಲ್ಲೂ ಆಡಬಹುದು, ಆದರೆ ಅದರ ಕೆಲವು ವಿಭಾಗಗಳಿಗೆ ಬಿಡಿ ಜಾಯ್-ಕಾನ್ ಬೇಕೇ ಬೇಕು.

ಆಟ ತಿಳಿಯದವರಿಗೆ ಒಂದು ಮಾತು. ಇದು ಚೌಕಾಬಾರದ ಜಾತಿಯದೇ: ದಾಳ ಹಾಕು, ಬಿದ್ದ ಗರದಷ್ಟು ಮನೆ ನಡೆ, ನೀಲಿ ಮನೆಯಾದರೆ 3 ನಾಣ್ಯ ಬಂತು, ಕೆಂಪಾದರೆ 3 ಹೋಯಿತು. ಎಲ್ಲರ ಸರದಿ ಮುಗಿದೊಡನೆ ಒಂದು ಮಿನಿಗೇಮ್, ಸಾಮಾನ್ಯವಾಗಿ ಗೆದ್ದವರಿಗೆ 10 ನಾಣ್ಯ. ಸೂಪರ್‌ಸ್ಟಾರ್ಸ್‌ನಲ್ಲಿ 20 ನಾಣ್ಯಕ್ಕೆ ಒಂದು ನಕ್ಷತ್ರ. ನಕ್ಷತ್ರ ಹೆಚ್ಚಿದ್ದವರು ಗೆದ್ದಂತೆ.

ಇನ್ನು ಕಂಟ್ರೋಲರ್ ಲೆಕ್ಕ. ಮೂಲ ಸ್ವಿಚ್ ಮತ್ತು ಓಎಲ್‌ಇಡಿ ಎಂಬ ಪರದೆಯಿರುವ ಸ್ವಿಚ್ ಮಾದರಿಯ ಜೊತೆ ಬರುವ ಎರಡು ಜಾಯ್-ಕಾನ್‌ಗಳನ್ನು ಅಡ್ಡ ಹಿಡಿದರೆ ಇಬ್ಬರಿಗೆ ಆಯಿತು. ನಾಲ್ವರಿಗೆ ಇನ್ನೊಂದು ಜೋಡಿ ಬೇಕು. ಅಡ್ಡ ಹಿಡಿದಾಗ ಎಡದ್ದರಲ್ಲಿ ಸ್ಟಿಕ್ ತುದಿಗಿರುತ್ತದೆ, ಬಲದ್ದರಲ್ಲಿ ಮಧ್ಯಕ್ಕೆ ಬಂದು ಇಕ್ಕಟ್ಟಾಗುತ್ತದೆ. ಆದ್ದರಿಂದ ದೊಡ್ಡ ಕೈಯವರಿಗೆ ಎಡದ್ದು, ಮಕ್ಕಳಿಗೆ ಬಲದ್ದು ಕೊಡಿ. ಡಬ್ಬಿಯಲ್ಲಿರುವ ಪಟ್ಟಿಗಳನ್ನು ಕೈಬಳೆ ಎಂದುಕೊಂಡು ಬಿಸಾಡುವವರಿದ್ದಾರೆ. ಹಳಿಯೊಳಗೆ ಅಡಗಿದ ಎಸ್‌ಎಲ್, ಎಸ್‌ಆರ್ ಎಂಬ ಕಡ್ಡಿಯಂಥ ಗುಂಡಿಗಳನ್ನು ಸಲೀಸಾಗಿ ಒತ್ತಲು ಬರುವುದು ಆ ಪಟ್ಟಿ ಹಾಕಿದಾಗಲೇ. ಹಾಕುವಾಗ ಪಟ್ಟಿಯ ‘+’ ಗುರುತು ಜಾಯ್-ಕಾನ್‌ನ ‘+’ ಕಡೆಗೆ, ‘−’ ಗುರುತು ‘−’ ಕಡೆಗೆ ಇರಲಿ. ತಿರುವುಮುರುವಾದರೆ ಸಿಕ್ಕಿಹಾಕಿಕೊಂಡು ಬಿಡಿಸಲು ಹೆಣಗಬೇಕಾಗುತ್ತದೆ.

ಜೋಡಿಸುವ ಕ್ರಮ ಹೀಗೆ. ಹೊಸ ಜಾಯ್-ಕಾನನ್ನು ಒಮ್ಮೆ ಕನ್ಸೋಲಿನ ಹಳಿಗೆ ಜಾರಿಸಿದರೆ ಸಾಕು, ಅದು ತಾನೇ ಪರಿಚಯವಾಗುತ್ತದೆ. ಲೈಟ್ ಇದ್ದವರು ಮುಂದೆ ಹೇಳುವ ಚೇಂಜ್ ಗ್ರಿಪ್/ಆರ್ಡರ್ ಪರದೆಯನ್ನು ಮೊದಲು ತೆರೆದಿಟ್ಟುಕೊಂಡು, ಜಾಯ್-ಕಾನ್ ಹಳಿಯ ಬದಿಯ ಚಿಕ್ಕ ಸಿಂಕ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಆಟಗಾರರ ಕ್ರಮ ಹಾಕಲು ಹೋಮ್ ಪರದೆಯಲ್ಲಿ ಕಂಟ್ರೋಲರ್ಸ್, ಅದರೊಳಗೆ ಚೇಂಜ್ ಗ್ರಿಪ್/ಆರ್ಡರ್ ತೆರೆಯಿರಿ. ಒಬ್ಬೊಬ್ಬರಾಗಿ ಎಸ್‌ಎಲ್, ಎಸ್‌ಆರ್ ಎರಡನ್ನೂ ಒಟ್ಟಿಗೆ ಒತ್ತಿದರೆ ಒತ್ತಿದ ಕ್ರಮದಲ್ಲೇ ಒಂದು, ಎರಡು, ಮೂರು, ನಾಲ್ಕನೆಯ ಆಟಗಾರರಾಗುತ್ತಾರೆ. ಹಳಿಯ ಪುಟ್ಟ ಹಸಿರು ದೀಪಗಳೇ ಅದರ ಸಾಕ್ಷಿ. ಎಲ್ಲರೂ ಒಮ್ಮೆಗೇ ಒತ್ತಿದರೆ ಯಾರ ಬೊಂಬೆ ಯಾರದೆಂಬ ಗೊಂದಲ ಮೊದಲ ಮಿನಿಗೇಮ್ ಮುಗಿದರೂ ಬಗೆಹರಿಯುವುದಿಲ್ಲ. ಎರಡು ಮನೆಯ ಕನ್ಸೋಲ್‌ಗಳು ಒಂದೆಡೆ ಸೇರಿದಾಗ ಇನ್ನೊಂದು ಎಡವಟ್ಟಿದೆ. ಚಾರ್ಜ್ ಆಗಲೆಂದು ಒಬ್ಬರ ಜಾಯ್-ಕಾನನ್ನು ಮತ್ತೊಬ್ಬರ ಕನ್ಸೋಲಿಗೆ ಸಿಕ್ಕಿಸಿದರೆ ಅದು ಅಲ್ಲಿಗೇ ಅಂಟಿಕೊಂಡು ಹಳೆಯ ಯಜಮಾನನನ್ನು ಮರೆತುಬಿಡುತ್ತದೆ. ಮತ್ತೆ ಮೊದಲಿಂದ ಜೋಡಿಸಬೇಕು.

ಬಹಳ ಜನ ತಲೆ ಕೆಡಿಸಿಕೊಳ್ಳುವ ತೊಂದರೆ ಬ್ಲೂಟೂತ್‌ನದು. ಸದ್ದು ಸಾಲದೆಂದು ಬ್ಲೂಟೂತ್ ಸ್ಪೀಕರ್ ಜೋಡಿಸುತ್ತಾರೆ. 2021ರ ಅಪ್‌ಡೇಟ್‌ನಿಂದ ಸ್ವಿಚ್‌ಗೆ ಅದು ಸಾಧ್ಯ. ಆದರೆ ಬ್ಲೂಟೂತ್ ಸದ್ದು ನಡೆಯುತ್ತಿರುವಾಗ ಎರಡಕ್ಕಿಂತ ಹೆಚ್ಚು ನಿಸ್ತಂತು ಕಂಟ್ರೋಲರ್ ಸೇರುವುದಿಲ್ಲ. ಮೂರನೆಯವರ ಜಾಯ್-ಕಾನ್ ದೀಪ ಮಿಣಮಿಣ ಎನ್ನುತ್ತಲೇ ಇರುತ್ತದೆ, ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವವರೂ ಉಂಟು. ಸ್ಪೀಕರ್ ಸಂಪರ್ಕ ತೆಗೆಯಿರಿ, ಸರಿಹೋಗುತ್ತದೆ. ಸದ್ದು ಬೇಕೇ ಬೇಕೆಂದರೆ ಕನ್ಸೋಲ್ ತಲೆಯ ಮೇಲಿನ 3.5 ಮಿ.ಮೀ. ತೂತಿಗೆ ವೈರಿನ ಸ್ಪೀಕರ್ ಹಾಕಿ. ಎರಡು ಕನ್ಸೋಲ್‌ಗಳನ್ನು ಹತ್ತಿರವಿಟ್ಟು ಇಂಟರ್ನೆಟ್ ಇಲ್ಲದೆ ಆಡುವಾಗಲೂ ಬ್ಲೂಟೂತ್ ಸದ್ದು ಕಡಿದುಹೋಗುತ್ತದೆ. ಹಾಗೆ ಸೂಪರ್‌ಸ್ಟಾರ್ಸ್ ಆಡಲು ಪ್ರತಿ ಕನ್ಸೋಲಿಗೂ ಬೇರೆ ಬೇರೆ ಕಾರ್ಡ್ ಬೇಕೆಂಬುದನ್ನೂ ಮರೆಯಬಾರದು.

ಎಲ್ಲಿ ಕೂರುವುದು ಎಂಬುದೂ ಸಣ್ಣ ವಿಷಯವಲ್ಲ. ಮೂಲ ಸ್ವಿಚ್‌ನ ಕಾಲು ಒಂದೇ, ಸಪೂರ, ಒಂದೇ ಕೋನಕ್ಕೆ ನಿಲ್ಲುತ್ತದೆ. ಹಾಸಿಗೆ, ಚಾಪೆಯ ಮೇಲೆ ಬೋರಲಾಗುತ್ತದೆ. ಗಟ್ಟಿ ಮಣೆ ಅಥವಾ ಸ್ಟೂಲ್ ಮೇಲಿಡಿ. ಜೋರಾಗಿ ತಾಗಿದರೆ ಆ ಕಾಲು ಕಳಚಿ ಬರುತ್ತದೆ, ಗಾಬರಿ ಬೇಡ, ಮುರಿಯದಿರಲೆಂದೇ ಹಾಗೆ ಮಾಡಿದ್ದಾರೆ, ಒತ್ತಿ ಕೂರಿಸಿದರಾಯಿತು. ಓಎಲ್‌ಇಡಿ ಮಾದರಿಯ ಕಾಲು ಅಗಲವಾಗಿದ್ದು ಬೇಕಾದ ಕೋನಕ್ಕೆ ಬಾಗುತ್ತದೆ, ಪರದೆಯೂ 7 ಇಂಚು. ಮೇಜಿನ ಮೇಲೆ ಆಡುವುದೇ ಹೆಚ್ಚೆಂದರೆ ಆ ಹೆಚ್ಚಿನ ದುಡ್ಡು ದಂಡವಲ್ಲ. ಚಾರ್ಜಿಂಗ್ ತೂತು ಎರಡರಲ್ಲೂ ತಳದಲ್ಲಿದೆ, ನಿಲ್ಲಿಸಿದಾಗ ವೈರ್ ಹಾಕಲಾಗದು. ತಳದಲ್ಲಿ ಸಂದಿಯಿರುವ ಸ್ಟ್ಯಾಂಡ್ ತನ್ನಿ, ಇಲ್ಲವೇ ಮೊದಲೇ ಪೂರ್ತಿ ಚಾರ್ಜ್ ಮಾಡಿ. 2017ರ ಮೊದಲ ಮಾದರಿಯ ಬ್ಯಾಟರಿ ಹೊಸದಿದ್ದಾಗಲೇ ಎರಡೂವರೆಯಿಂದ ಆರೂವರೆ ಗಂಟೆಯದು. 2019ರ ಆಗಸ್ಟ್‌ ನಂತರದ ಸುಧಾರಿತ ಮಾದರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂಬದಿಯ ಮಾದರಿ ಸಂಖ್ಯೆಯಲ್ಲಿ ಎಚ್‌ಎಸಿ-001ರ ಮುಂದೆ ಕಂಸದಲ್ಲಿ -01 ಇದೆಯೇ ನೋಡಲಿ. ಇದ್ದರೆ ಸುಧಾರಿತದ್ದು.

ಸೂಪರ್‌ಸ್ಟಾರ್ಸ್ ಆರಂಭಿಸುವಾಗ ಮನೆಯ ಹಿರಿಯರೂ ಚಿಕ್ಕವರೂ ಇದ್ದರೆ ಸುತ್ತುಗಳನ್ನು 10ಕ್ಕೇ ನಿಲ್ಲಿಸಿ. ನಾಲ್ವರಿಗೆ ಅದೇ ಹತ್ತಿರಹತ್ತಿರ ಒಂದು ಗಂಟೆಯಾಗುತ್ತದೆ. 30 ಸುತ್ತು ಆರಿಸಿಕೊಂಡರೆ ಅರ್ಧಕ್ಕೇ ಎದ್ದುಹೋಗುವವರೇ ಹೆಚ್ಚು. ಪ್ರತಿ ಸುತ್ತಿಗೂ ಆಟ ತಾನೇ ಸೇವ್ ಆಗುವುದರಿಂದ ಊಟಕ್ಕೆ ಎದ್ದು ಬಂದು ಮುಂದುವರಿಸಲು ಅಡ್ಡಿಯಿಲ್ಲ. ಮಿನಿಗೇಮ್ ಗುಂಪುಗಳಲ್ಲಿ ‘ಫ್ಯಾಮಿಲಿ’ ಎಂಬುದನ್ನು ಆರಿಸಿದರೆ ಕ್ಲಿಷ್ಟವಾದವು ಕಡಿಮೆಯಾಗುತ್ತವೆ. ಬೋರ್ಡ್‌ಗಳಲ್ಲಿ ಮೊದಲಿಗೆ ರಾಜಕುಮಾರಿ ಪೀಚ್‌ಳ ಹುಟ್ಟುಹಬ್ಬದ ಕೇಕ್ ಬೋರ್ಡ್ ವಾಸಿ. ಅಲ್ಲಿ ನಕ್ಷತ್ರ ಜಾಗ ಬದಲಿಸುವುದಿಲ್ಲ, ಎತ್ತ ಹೋಗಬೇಕೆಂದು ಹುಡುಕಾಡುವ ಗೋಜಿಲ್ಲ. ಹಗಲು-ರಾತ್ರಿ ಬದಲಾಗುವ ಹಾರರ್ ಲ್ಯಾಂಡ್ ಆಮೇಲೆ ನೋಡಿಕೊಂಡರಾಯಿತು.

ಜಗಳ ಹುಟ್ಟುವುದು ಕೊನೆಯಲ್ಲಿ. ಎಣಿಕೆ ಮುಗಿದ ಮೇಲೆ ಬೋನಸ್ ನಕ್ಷತ್ರ ಹಂಚಿ, ಅಷ್ಟು ಹೊತ್ತು ಮುಂದಿದ್ದವರನ್ನು ಆಟ ಹಿಂದಕ್ಕೆ ತಳ್ಳಿಬಿಡುತ್ತದೆ. ಮೋಸ ಎಂದು ಕಿರುಚುವ ಮಕ್ಕಳಿರುವ ಮನೆಯಲ್ಲಿ ಆರಂಭದ ನಿಯಮಗಳಲ್ಲೇ ಬೋನಸ್ ತೆಗೆದುಬಿಡಿ. ನನ್ನನ್ನು ಕೇಳಿದರೆ ಇರಲಿ ಎನ್ನುತ್ತೇನೆ. ಗುಂಡಿ ಒತ್ತುವುದರಲ್ಲಿ ನಿಧಾನಿಯಾದ ಅಜ್ಜಿಗೂ ಗೆಲ್ಲುವ ದಾರಿ ಅದೊಂದೇ.

ಅಜ್ಜಿಯ ಮಾತು ಬಂತಲ್ಲ, ಆಟದಲ್ಲಿ ಕನ್ನಡವಿಲ್ಲ, ಆದರೂ ಅಷ್ಟೇನೂ ತೊಡಕಾಗುವುದಿಲ್ಲ. ಪ್ರತಿ ಮಿನಿಗೇಮ್‌ಗೆ ಮುಂಚೆ ನಿಯಮದ ಪರದೆ ಬರುತ್ತದೆ, ಅಲ್ಲೇ ಅಭ್ಯಾಸವನ್ನೂ ಮಾಡಬಹುದು. ಎಲ್ಲರೂ ಸಿದ್ಧ ಎನ್ನುವವರೆಗೆ ಆಟ ಮುಂದೆ ಹೋಗುವುದಿಲ್ಲ. ಆಡಿ ಗೊತ್ತಿರುವ ಹುಡುಗರು ಇಲ್ಲಿ ಆತುರಪಡಬಾರದು. ಮಶ್ರೂಮ್ ಮಿಕ್ಸ್-ಅಪ್ ಎಂಬ ಮಿನಿಗೇಮ್‌ನಲ್ಲಿ ಯಾವ ಬಣ್ಣದ ಬಾವುಟ ಎದ್ದಿತೋ ಆ ಬಣ್ಣದ ಅಣಬೆಗೆ ಓಡಬೇಕು, ಉಳಿದವು ನೀರಿಗಿಳಿಯುತ್ತವೆ. ಇದಕ್ಕೆ ಇಂಗ್ಲಿಷ್ ಯಾಕೆ? ಎಡವುವುದು ಗುಂಡಿಯ ಹೆಸರಿನಲ್ಲಿ. ಜಾಯ್-ಕಾನ್ ಅಡ್ಡ ಹಿಡಿದಾಗ ಅದರ ಮೇಲಿನ ಅಕ್ಷರಗಳು ಲೆಕ್ಕಕ್ಕಿಲ್ಲ, ಎಡದ್ದರಲ್ಲಂತೂ ಬಾಣದ ಗುರುತುಗಳು ಮಾತ್ರ. ‘ಎ ಒತ್ತಿ’ ಎನ್ನುವ ಬದಲು ‘ನಾಲ್ಕರಲ್ಲಿ ಬಲಗಡೆಯದು ಒತ್ತಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಪರದೆಯೂ ನಾಲ್ಕು ಚುಕ್ಕಿ ತೋರಿಸಿ ಒಂದನ್ನು ತುಂಬಿ ಗುರುತು ಕೊಡುತ್ತದೆ.

ಸ್ಟಿಕ್ ಗರಗರ ತಿರುಗಿಸುವ ಟಗ್ ಆಫ್ ವಾರ್‌ನಂಥ ಮಿನಿಗೇಮ್ ಬಂದಾಗ ಅಂಗೈಯಿಂದ ಉಜ್ಜಬೇಡಿ, ಹೆಬ್ಬೆರಳಿನಿಂದಲೇ ತಿರುಗಿಸಿ. ಆಟವೇ ಪರದೆಯಲ್ಲಿ ಆ ಎಚ್ಚರಿಕೆ ಕೊಡುತ್ತದೆ. 1998ರ ಮೊದಲ ಮಾರಿಯೊ ಪಾರ್ಟಿ ಆಡಿದ ಮಕ್ಕಳ ಅಂಗೈಯಲ್ಲಿ ಬೊಬ್ಬೆ ಎದ್ದು, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಮಧ್ಯೆ ಬಂದು, 2000ದಲ್ಲಿ ನಿಂಟೆಂಡೊ ಕಂಪನಿ ಕೈಗವಸು ಹಂಚಲು ಒಪ್ಪಿಕೊಂಡಿತ್ತು. ಕೈಗಷ್ಟೇ ಅಲ್ಲ, ಸ್ಟಿಕ್‌ಗೂ ಅದು ಕೇಡು. ಒಳಗಿನ ಕಾರ್ಬನ್ ಪಟ್ಟಿ ಸವೆದಾಗ, ದೂಳು ಕೂತಾಗ ಬೊಂಬೆ ಮುಟ್ಟದಿದ್ದರೂ ತಾನೇ ನಡೆಯತೊಡಗುತ್ತದೆ. ‘ಡ್ರಿಫ್ಟ್’ ಅನ್ನುವುದು ಇದನ್ನೇ. ಮೊದಲು ಸಿಸ್ಟಂ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್ ಒಳಗೆ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ ನೋಡಿ. ದೂಳು ಊದಿದರೆ ಸರಿಹೋಗುವುದು ನಾಲ್ಕು ದಿನದ ಮಾತು. ಸವೆದಿದ್ದರೆ ಸ್ಟಿಕ್ ಬದಲಿಸುವುದೊಂದೇ ದಾರಿ. ಜಾಯ್-ಕಾನ್ ಹೊರಕವಚಕ್ಕೆ ಮೂರು ಕವಲಿನ ಸ್ಕ್ರೂಡ್ರೈವರ್ ಬೇಕು, ಮನೆಯಲ್ಲಿರುವ ನಕ್ಷತ್ರಮುಖದ್ದು ಕೂರುವುದಿಲ್ಲ, ಒತ್ತಾಯಿಸಿದರೆ ಸ್ಕ್ರೂ ತಲೆ ಸವೆಯುತ್ತದೆ. ಬದಲಿಸುವುದಾದರೆ ಅಯಸ್ಕಾಂತದ ಹಾಲ್ ಎಫೆಕ್ಟ್ ಸ್ಟಿಕ್ಕನ್ನೇ ಹಾಕಿಸಿ, ಅದರಲ್ಲಿ ಉಜ್ಜಿ ಸವೆಯುವ ಪಟ್ಟಿ ಇಲ್ಲ.

ನಮ್ಮಲ್ಲಿ ಸಿಗುವುದು ಬಹುಪಾಲು ಆಮದು ಸೆಟ್‌ಗಳಾದ್ದರಿಂದ ಎರಡು ಮಾತು. ಸ್ವಿಚ್‌ನ ಅಸಲಿ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ತಡೆಯುತ್ತದೆ. ಅಮೆರಿಕದ ಚಪ್ಪಟೆ ಪಿನ್ನಿಗೆ ಪಿನ್ ಬದಲಿಸುವ ಪ್ಲಗ್ ಸಾಕು, ವೋಲ್ಟೇಜ್ ಇಳಿಸುವ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. 2025ರಲ್ಲಿ ಬಂದ ಸ್ವಿಚ್ 2 ಅನ್ನು ಜಪಾನಿನಿಂದ ತರಿಸುವವರು ಮಾತ್ರ ನೋಡಿಕೊಳ್ಳಬೇಕು. ಅಲ್ಲಿನ ಅಗ್ಗದ ಸೆಟ್‌ನ ವ್ಯವಸ್ಥೆ ಜಪಾನಿ ಭಾಷೆಗೆ ಬಿಗಿದದ್ದು, ಇಂಗ್ಲಿಷ್ ಬರುವುದಿಲ್ಲ. ಬಹುಭಾಷಾ ಮಾದರಿಯನ್ನೇ ಕೇಳಿ ತರಿಸಬೇಕು. ಸ್ವಿಚ್ 2ರ ಚಾರ್ಜಿಂಗ್ ತೂತು ತಲೆಯ ಮೇಲೂ ಒಂದಿದೆ, ಮೇಜಿನ ಮೇಲೆ ಆಡುವವರಿಗೆ ಅದು ನಿಜವಾದ ಸುಧಾರಣೆ.

ತಮ್ಮ ಪತ್ರಿಕೆ ಮುಂದಿನ ಬಾರಿ ಕನ್ಸೋಲ್ ಪರಿಚಯ ಮಾಡುವಾಗ ಬೆಲೆಯ ಪಕ್ಕದಲ್ಲಿ ಜಾಯ್-ಕಾನ್ ಎಷ್ಟು ಬರುತ್ತದೆ, ಕಳಚಿಕೊಳ್ಳುತ್ತದೆಯೇ, ಟಿವಿಗೆ ಹೋಗುತ್ತದೆಯೇ ಎಂಬುದನ್ನು ಸೇರಿಸಿದರೆ ಉಪಕಾರವಾದೀತು. ಎರಡನೇ ಜೋಡಿ ಜಾಯ್-ಕಾನ್‌ನ ಬೆಲೆಯನ್ನೂ ಅಲ್ಲೇ ಕೂಡಿಸಿ ಹೇಳಿ.

— ಒಬ್ಬ ಓದುಗ, ಮೈಸೂರು