ಶಿವಮೊಗ್ಗದಲ್ಲೇ ರೇಟೆಡ್ ಚೆಸ್ ಟೂರ್ನಿ ನಡೆಯಲಿ

ಸಂಪಾದಕರಿಗೆ ನಮಸ್ಕಾರ. ರೇಟೆಡ್ ಟೂರ್ನಿ, ಅಂದರೆ ಗೆಲುವು ಸೋಲು ಆಟಗಾರರ ಅಧಿಕೃತ ಅಂಕಕ್ಕೆ (ರೇಟಿಂಗ್‌ಗೆ) ಸೇರುವ ಟೂರ್ನಿಯ ಬಗ್ಗೆ ನನ್ನದೊಂದು ಕೋರಿಕೆ.

ಸಾಗರದಲ್ಲಿ ನಮ್ಮದೊಂದು ಸಣ್ಣ ಕ್ಯಾಂಟೀನ್ ಇದೆ. ಮಗಳಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಮೂರು ವರ್ಷದ ಹಿಂದೆ ಮಳೆ ಹಿಡಿದು ಶಾಲೆಗೆ ರಜೆ ಕೊಟ್ಟಾಗ ಅವಳ ಅಜ್ಜ ಚೌಕಾಬಾರದ ಜೊತೆ ಚೆಸ್ಸನ್ನೂ ಹೇಳಿಕೊಟ್ಟರು. ಮಳೆ ಬಿಟ್ಟ ಮೇಲೆ ಚೌಕಾಬಾರ ಮರೆತಳು. ಚೆಸ್ ಬಿಡಲಿಲ್ಲ.

2024ರ ಡಿಸೆಂಬರ್ 12ರ ಸಂಜೆ ನನಗಿನ್ನೂ ಚೆನ್ನಾಗಿ ನೆನಪಿದೆ. ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟ. ಡ್ರಾ ಆಗೋ ಹಾಗಿತ್ತು. ಅಷ್ಟರಲ್ಲಿ ಚೀನಾದ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ಇಟ್ಟರು. ಮೊಬೈಲ್ ಹಿಡಿದು ಮೂಲೆ ಮೇಜಿನಲ್ಲಿ ಕೂತಿದ್ದ ಮಗಳು ‘ಅಮ್ಮಾ, ತಪ್ಪು ನಡೆ!’ ಅಂತ ಕೂಗಿದಳು. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಎದುರಾಳಿ, ನಮ್ಮ ಚೆನ್ನೈನ ಗುಕೇಶ್ ಗೆದ್ದು ಅಳುತ್ತಿದ್ದಾಗ ನನಗೂ ಕಣ್ಣು ತುಂಬಿತು. ಹದಿನೆಂಟು ವರ್ಷದ ಹುಡುಗ, ಅಲ್ವಾ?

‘ಅವೆಲ್ಲ ಹುಟ್ಟುತ್ತಲೇ ಬರಬೇಕು’ ಅಂತ ಅವತ್ತು ಯಾರೋ ಅಂದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಗುಕೇಶ್ ಚೆಸ್ ಕಲಿತದ್ದು 2013ರಲ್ಲಿ, ಏಳನೇ ವಯಸ್ಸಿಗೆ. ನಾಲ್ಕನೇ ಕ್ಲಾಸಿನ ನಂತರ ಶಾಲೆಗೆ ದಿನಾ ಹೋಗಿದ್ದೇ ಇಲ್ಲ. ಅಪ್ಪ ಕಿವಿ, ಮೂಗು, ಗಂಟಲಿನ ಡಾಕ್ಟರು. ಮಗನ ಜೊತೆ ಊರೂರು ತಿರುಗಲು ತಮ್ಮ ಕೆಲಸವನ್ನೇ ನಿಲ್ಲಿಸಿದರು. ಮನೆ ನಡೆದದ್ದು ಅಮ್ಮನ ಸಂಬಳದಲ್ಲಿ. ಪ್ರಾಯೋಜಕರಿಲ್ಲದ ಆ ದಿನಗಳಲ್ಲಿ ಅಪ್ಪ ಅಮ್ಮನ ಸ್ನೇಹಿತರು ಹಣ ಕೊಟ್ಟು ಟೂರ್ನಿಗೆ ಕಳಿಸಿದರಂತೆ. 2019ರ ಜನವರಿಯಲ್ಲಿ, ದೆಹಲಿಯ ಟೂರ್ನಿಯಲ್ಲಿ ಚೆಸ್‌ನ ಅತಿ ದೊಡ್ಡ ಪದವಿಯಾದ ಗ್ರ್ಯಾಂಡ್‌ಮಾಸ್ಟರ್ ಆದಾಗ ವಯಸ್ಸು 12 ವರ್ಷ, 7 ತಿಂಗಳು, 17 ದಿನ. ಆಗ ಉಕ್ರೇನ್ ಪರ ಆಡುತ್ತಿದ್ದ ಕರ್ಯಾಕಿನ್ 2002ರಲ್ಲಿ ಮಾಡಿದ್ದ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ದಾಖಲೆ ಬರೀ ಹದಿನೇಳು ದಿನದಲ್ಲಿ ತಪ್ಪಿತು.

ಚೆನ್ನೈನ ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಪ್ರಜ್ಞಾನಂದನ ಅಮ್ಮ ನಾಗಲಕ್ಷ್ಮಿಯವರ ಫೋಟೊ ನಿಮ್ಮ ಓದುಗರು ನೋಡಿರುತ್ತಾರೆ. 2023ರಲ್ಲಿ ಬಾಕುವಿನ ವಿಶ್ವಕಪ್‌ನಲ್ಲಿ ಮಗನನ್ನೇ ನೋಡುತ್ತಾ ನಿಂತಿದ್ದರಲ್ಲ, ಅದು. ಹೋದಲ್ಲೆಲ್ಲ ಇಂಡಕ್ಷನ್ ಒಲೆ ಒಯ್ದು ಮಕ್ಕಳಿಗೆ ಸಾರು ಅನ್ನ ಮಾಡಿ ಹಾಕುತ್ತಾರೆ ಅಂತ ಓದಿದ ಮೇಲೆ ನಾನೂ ಒಂದು ಪುಟ್ಟ ರೈಸ್ ಕುಕ್ಕರ್ ತಗೊಂಡೆ.

ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ ಮುಟ್ಟಬೇಕು, ಮೂರು ನಾರ್ಮ್ (ಟೂರ್ನಿಯಲ್ಲಿ ಚೆನ್ನಾಗಿ ಆಡಿ ಗಳಿಸುವ ಅರ್ಹತೆ) ಬೇಕು. ಒಂದೊಂದು ನಾರ್ಮ್‌ಗೂ 2600ರ ಮಟ್ಟದ ಆಟ ಆಡಬೇಕು, ಅದೂ ಗ್ರ್ಯಾಂಡ್‌ಮಾಸ್ಟರ್‌ಗಳಿರುವ ಟೂರ್ನಿಯಲ್ಲಿ. ಇವೆಲ್ಲ ನಮಗೆ ಬಹಳ ದೂರದ ಮಾತು. ನಾನು ಹೇಳಬೇಕಿರುವುದು ಮೊದಲ ಮೆಟ್ಟಿಲಿನ ಬಗ್ಗೆ. ರೇಟಿಂಗ್ ಪಟ್ಟಿಯಲ್ಲಿ ಹೆಸರು ಬರಲು ಕನಿಷ್ಠ ಐದು ಜನ ರೇಟೆಡ್ ಆಟಗಾರರ ಜೊತೆ ಆಡಿರಬೇಕು. ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಎಷ್ಟು ಗೆದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಲ್‌ನಲ್ಲಿ, ಗಡಿಯಾರ ಇಟ್ಟು, ಎದುರಾಳಿಯ ಮುಖ ನೋಡಿಕೊಂಡು ಆಡಬೇಕು.

ನನ್ನ ಮಗಳು ಇಲ್ಲಿಯವರೆಗೆ ನಾಲ್ಕು ರೇಟೆಡ್ ಟೂರ್ನಿ ಆಡಿದ್ದಾಳೆ. ಮೂರು ಬೆಂಗಳೂರಲ್ಲಿ, ಒಂದು ಮೈಸೂರಲ್ಲಿ. ಪ್ರತಿ ಸಲವೂ ತಾಳಗುಪ್ಪದ ರಾತ್ರಿ ರೈಲು. ಬೆಳಿಗ್ಗೆ ಇಳಿದು, ಮುಖ ತೊಳೆದು, ಸೀದಾ ಹಾಲ್‌ಗೆ. ಎಂಟ್ರಿ ಫೀಸಿಗಿಂತ ರೂಮಿನ ಬಾಡಿಗೆಯೇ ಜಾಸ್ತಿ. ಅಷ್ಟೂ ದಿನ ಕ್ಯಾಂಟೀನ್‌ಗೆ ಬೀಗ. ಹಾಜರಾತಿ ಕಡಿಮೆ ಅಂತ ಒಮ್ಮೆ ಶಾಲೆಯಿಂದ ಚೀಟಿಯೂ ಬಂತು. ಎರಡನೇ ಟೂರ್ನಿಯ ಮೊದಲ ಸುತ್ತಿನಲ್ಲಿ ಅವಳು ಬೋರ್ಡಿನ ಮುಂದೆಯೇ ತೂಕಡಿಸಿದಳು. ಗೆಲ್ಲುವ ಆಟ ಕೈಬಿಟ್ಟಿತು. ‘ರೈಲಲ್ಲಿ ನಿದ್ದೆ ಬರಲಿಲ್ಲ ಅಮ್ಮಾ’ ಅಂದಳು. ಅವಳಿಗೆ ನಾನು ಏನು ಹೇಳಲಿ? ಎದುರಿಗಿದ್ದ ಹುಡುಗ ಅದೇ ಬಡಾವಣೆಯವನು. ಸ್ಕೂಟರಿನಲ್ಲಿ ಹತ್ತು ನಿಮಿಷಕ್ಕೆ ಬಂದಿದ್ದ. ಅವನದೇನೂ ತಪ್ಪಿಲ್ಲ. ಪಾಪ, ಆಟ ಮುಗಿದ ಮೇಲೆ ಅವಳಿಗೆ ಚಾಕಲೇಟ್ ಕೊಟ್ಟ.

ಈಗ ಅವಳ ರೇಟಿಂಗ್ 1452. ಒಂದನೇ ತಾರೀಖು ಹೊಸ ಪಟ್ಟಿ ಬಂದ ತಕ್ಷಣ ಅಜ್ಜನಿಗೆ ಓದಿ ಹೇಳುತ್ತಾಳೆ.

ಚೆಸ್ ಸಂಸ್ಥೆಯವರಲ್ಲಿ, ಕ್ರೀಡಾ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ವರ್ಷಕ್ಕೆ ಎರಡು ರೇಟೆಡ್ ಟೂರ್ನಿ ಶಿವಮೊಗ್ಗದಲ್ಲಿ ಮಾಡಿ. ಒಂದು ದಸರಾ ರಜೆಯಲ್ಲಿ, ಇನ್ನೊಂದು ಬೇಸಿಗೆ ರಜೆಯಲ್ಲಿ. ಇದಕ್ಕೆ ದೊಡ್ಡ ಮೈದಾನ ಬೇಕಿಲ್ಲ, ಸ್ಟೇಡಿಯಂ ಬೇಕಿಲ್ಲ. ಒಂದು ಸಮುದಾಯ ಭವನ, ಮೇಜು ಕುರ್ಚಿ, ಗಡಿಯಾರಗಳು, ಅರ್ಹತೆಯಿರುವ ಆರ್ಬಿಟರ್‌ಗಳು (ತೀರ್ಪುಗಾರರು). ತೀರ್ಥಹಳ್ಳಿ, ಹೊಸನಗರ, ಸೊರಬದ ಮಕ್ಕಳು ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆ ಸೇರಬಹುದು. ರಾತ್ರಿ ತಮ್ಮ ಹಾಸಿಗೆಯಲ್ಲೇ ಮಲಗಬಹುದು. ಟೂರ್ನಿ ಗೊತ್ತಾದ ಕೂಡಲೇ ನೀವೂ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಹಾಕಿ. ಗೆದ್ದ ಮೇಲಿನ ಫೋಟೊಗಿಂತ ನಮಗೆ ಅದು ಜಾಸ್ತಿ ಉಪಯೋಗ.

ಯಾರಾದರೂ ಮುಂದೆ ಬಂದರೆ ಟೂರ್ನಿ ಮುಗಿಯುವವರೆಗೂ ಮಕ್ಕಳ ಮಧ್ಯಾಹ್ನದ ಊಟ ನನ್ನದು. ಅನ್ನ, ತಿಳಿ ಸಾರು, ಪಲ್ಯ, ಮಜ್ಜಿಗೆ. ಆಟದ ದಿನ ಹೊಟ್ಟೆಗೆ ಭಾರ ಆಗದ ಹಾಗೆ ಹೇಗೆ ಬಡಿಸಬೇಕು ಅಂತ ಈ ನಾಲ್ಕು ಟೂರ್ನಿಗಳಲ್ಲಿ ಕಲಿತಿದ್ದೇನೆ.

– ಒಬ್ಬ ತಾಯಿ, ಸಾಗರ