ನಾಡ ತೊಗರಿಯ ಬೀಜಕ್ಕೂ ಒಂದೊಂದು ಊರು ಕೊಡಿ: ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ ಶರಣು ಶರಣಾರ್ಥಿ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಹೆಮ್ಮೆಪಟ್ಟವರು ನಾವು. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಅದೇ ತೊಗರಿ ಹೊಲಹೊಲಗಳಲ್ಲಿ ನಿಂತಲ್ಲೇ ಒಣಗಿತು. ಸರ್ಕಾರ ಪರಿಹಾರ ಘೋಷಿಸಿತು. ಆದರೆ ಊರಿಗೆ ಊರೇ ಒಂದೆರಡು ತಳಿಗಳನ್ನು ನೆಚ್ಚಿಕೊಂಡಿರುವ ಸ್ಥಿತಿ ಹಾಗೆಯೇ ಉಳಿದಿದೆ.

ಸುಧಾರಿತ ತಳಿಗಳ ಮೇಲೆ ನನಗೆ ತಕರಾರಿಲ್ಲ. ನೆಟೆ ರೋಗದಿಂದ ಕಂಗೆಟ್ಟಿದ್ದ ರೈತರನ್ನು ಮಾರುತಿ ತಳಿ ಕೈಹಿಡಿದದ್ದು ನಿಜ. ನಾಡ ತಳಿಗಳೆಲ್ಲ ರೋಗ ತಡೆಯುತ್ತವೆ ಎಂದೂ ನಾನು ಹೇಳುತ್ತಿಲ್ಲ. ಆದರೆ ಹೊಸ ತಳಿ ಕಟ್ಟಲು ವಿಜ್ಞಾನಿಗಳು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಹಳೆಯ ಬೀಜಗಳನ್ನೇ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಬೀಜ ಭಂಡಾರದಲ್ಲಿ 13,000ಕ್ಕೂ ಹೆಚ್ಚು ತೊಗರಿ ಮಾದರಿಗಳು ಕ್ಷೇಮವಾಗಿವೆ. ನಮ್ಮ ಕರಿಮಣ್ಣಿನ ಜೊತೆ, ಕೈಕೊಡುವ ಮಳೆಯ ಜೊತೆ ಏಗುತ್ತ ಬದಲಾಗುವುದು ಮಾತ್ರ ಹೊಲದಲ್ಲಿರುವ ಬೀಜ.

ಹಿಂದೆ ಎಳ್ಳಮಾವಾಸ್ಯೆಗೆ ಹಸಿ ಕಾಳು, ಸೊಪ್ಪು ಬೆರೆಸಿ ಮಾಡುವ ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ ಎಲ್ಲವೂ ಸ್ವಂತ ಹೊಲದ ಅಕ್ಕಡಿ (ಮಿಶ್ರ ಬೆಳೆ) ಸಾಲುಗಳಿಂದಲೇ ಬರುತ್ತಿದ್ದವು. ಈಗ ಎಷ್ಟೋ ಮನೆಗಳಲ್ಲಿ ಅವರೆಕಾಯಿಗೆ ಸಂತೆಯೇ ಗತಿ.

ತೊಗರಿಯ ವಿಷಯ ಇನ್ನೂ ಕಠಿಣ. ಅದರ ತಳಿ ಉಳಿಸುವುದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಜೇನುನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತವೆ. ಒಂದೆಕರೆಯಲ್ಲಿ ಬಿಳಿ ತೊಗರಿ ಬಿತ್ತಿ, ಸುತ್ತಲೂ ಕೆಂಪು ತೊಗರಿಯೇ ಇದ್ದರೆ, ವರ್ಷಗಳು ಕಳೆದಂತೆ ರಾಶಿಯಲ್ಲಿ ಬಣ್ಣ ಬೆರೆಯುತ್ತದೆ. ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ಎಷ್ಟೇ ಜತನದಿಂದ ಇಟ್ಟರೂ ಫಲವಿಲ್ಲ. ಬೆರಕೆ ಹೂವಿನಲ್ಲೇ ಆಗಿಹೋಗಿರುತ್ತದೆ.

ಆದ್ದರಿಂದ ಹೋಬಳಿಗೆ ಒಂದು ಊರನ್ನಾದರೂ ನಾಡ ಬೀಜಕ್ಕೆಂದು ಆರಿಸಿ. ಆ ಊರಿನವರೆಲ್ಲ ಒಪ್ಪಿ ಒಂದೇ ನಾಡ ತೊಗರಿ ಬೆಳೆಯಲಿ, ಜೊತೆಗೆ ಅವರೆ, ಅಲಸಂದೆ, ಮಡಿಕೆ ಕಾಳು, ಹುರುಳಿಯೂ ಇರಲಿ. ಪಕ್ಕದ ಹೋಬಳಿಯ ಊರಿಗೆ ಬೇರೊಂದು ತಳಿ. ಇಳುವರಿಯಲ್ಲಿ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡಲಿ. ಊರಿನ ಎಲ್ಲರ ಪರವಾಗಿ ಬೀಜ ಕಾಯುವವನು ಬರಿಗೈಯಲ್ಲಿ ಉಳಿಯಬಾರದು. ಆ ಬೀಜ ರೈತ ಸಂಪರ್ಕ ಕೇಂದ್ರದಲ್ಲಿಯೂ ಸಿಗಲಿ.

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲೇ ಬಂದಿದೆ. ನಾಡ ತಳಿಯನ್ನು ರೈತರ ಹೆಸರಿನಲ್ಲಿ ನೋಂದಾಯಿಸಲು ಅದರಲ್ಲಿ ಅವಕಾಶವಿದೆ. ಅರ್ಜಿ ತುಂಬಿಸುವ ಹೊಣೆಯನ್ನು ಕೃಷಿ ಅಧಿಕಾರಿಗಳಿಗೆ ವಹಿಸಿ.

ಹಳೆಯ ಬೀಜ ಇನ್ನೂ ಉಳಿದಿರುವುದು ವಯಸ್ಸಾದ ತಾಯಂದಿರ ಗಡಿಗೆಗಳಲ್ಲಿ. ಮೃಗಶಿರಾ ಮಳೆ ಬೀಳುವ ಮುನ್ನ ಅವರ ಮನೆಗಳಿಗೆ ನಿಮ್ಮ ಸಿಬ್ಬಂದಿಯನ್ನು ಕಳುಹಿಸಿ.

ಇಂತಿ,
ಆಳಂದ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ