ಹಡಗಿನ ಫೋಟೊ ಚೆನ್ನಾಗಿತ್ತು, ಲೆಕ್ಕವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕ್ರೂಸ್ ಪ್ರವಾಸದ ಬಗ್ಗೆ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿದ್ದವು. ನೀಲಿ ನೀರು, ಬಿಳಿ ಹಡಗು, ಈಜುಕೊಳದ ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಗಂಡ ಹೆಂಡತಿ. ಅದನ್ನು ಓದಿ ನಮ್ಮ ಓಣಿಯಲ್ಲೇ ಮೂರು ಮಂದಿ ನನ್ನ ಹತ್ತಿರ ಬಂದರು. "ನೀವು ಹೋಗಿ ಬಂದೀರಲ್ರೀ, ಹೆಂಗಿತ್ತು, ಎಷ್ಟಾತು" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ನಿಮ್ಮ ಲೇಖನದಲ್ಲಿ ಹಡಗು ಇತ್ತು, ಹಡಗಿನ ತನಕ ಹೋಗುವ ದಾರಿ ಇರಲಿಲ್ಲ. ನಾವು ಪಟ್ಟ ಪಾಡು ಮುಕ್ಕಾಲು ಪಾಲು ರಾಯಚೂರಲ್ಲೇ ಕೂತು, ದುಡ್ಡು ಕಟ್ಟುವಾಗ ಮಾಡಿಕೊಂಡದ್ದು.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕಡೆ ಇದ್ದು ನಿವೃತ್ತನಾದವನು. ಸಮುದ್ರ ಅಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೋಯಿಸಿಕೊಂಡದ್ದಷ್ಟೇ. ನಮ್ಮ ಪಾಲಿಗೆ ದೋಣಿ ಅಂದರೆ ಕೃಷ್ಣೆಯ ಹರಿಗೋಲು. ಕುರುವಪುರಕ್ಕೆ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ ಹೋಗುವವರಿಗೆ ಅದು ಗೊತ್ತು. ಹೋದ ಮೇ ತಿಂಗಳಲ್ಲಿ, ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವಂಥ ಬಿಸಿಲಿನಲ್ಲಿ, ನಾನು, ನಮ್ಮಾಕೆ ಮತ್ತು ಆಕೆಯ ಅಕ್ಕ ಮೂವರು ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ನಾಲ್ಕು ರಾತ್ರಿಯ ಹಡಗಿಗೆ ಹೊರಟೆವು. ಮಗ ದುಡ್ಡು ಕೊಟ್ಟ, ಟಿಕೆಟ್ ನಾನೇ ಊರಲ್ಲಿ ಒಬ್ಬ ಏಜೆಂಟರ ಹತ್ತಿರ ಮಾಡಿಸಿದೆ. ತಪ್ಪು ಅಲ್ಲಿಂದಲೇ ಶುರು.

ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಒಬ್ಬರಿಗೆ ಇಷ್ಟು ಅಂತ ಇರುತ್ತದೆ. ಆ ಒಬ್ಬರು ಅಂದರೆ ಒಂದೇ ಕೋಣೆಯಲ್ಲಿ ಇಬ್ಬರು ಇದ್ದಾಗಿನ ಒಬ್ಬರು. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ಕೇಳುತ್ತಾರೆ. ಅದೇ ಕೋಣೆಗೆ ಮೂರನೆಯವರು ಬಂದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ. ಇದು ಗೊತ್ತಿಲ್ಲದೆ ಅಕ್ಕನಿಗೆ ಬೇರೆ ಕೋಣೆ ಮಾಡಿಸಿದ್ದೆ. ಆಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಹಡಗಿನ ಸಿಬ್ಬಂದಿಗೆ ಅಂತ ದಿನಕ್ಕಿಷ್ಟು ಟಿಪ್ಸ್. ಟಿಪ್ಸ್ ಅಂದರೆ ನಾವಾಗಿ ಕೊಡೋದು ಅಂದುಕೊಂಡಿದ್ದೆ, ಅದು ಬಿಲ್ಲಿನಲ್ಲೇ ಬಂತು! ಎಲ್ಲ ಸೇರಿ ಕರಪತ್ರದ ಲೆಕ್ಕಕ್ಕಿಂತ ಮೂರರಲ್ಲೊಂದು ಪಾಲು ಜಾಸ್ತಿ ಆಯಿತು. ಏಜೆಂಟರನ್ನು ಕೇಳಿದರೆ "ಅದೆಲ್ಲಾ ಕಾಮನ್ ರೀ ಸರ್" ಅಂದರು. ಕಾಮನ್ ಆಗಿದ್ದರೆ ಮೊದಲೇ ಹೇಳಬಹುದಿತ್ತು, ಅಲ್ವಾ? ಆದ್ದರಿಂದ ಯಾರೇ ಹೋಗಲಿ, "ಮನೆಯಿಂದ ಹೊರಟು ಮನೆಗೆ ಬರೋ ತನಕ ಒಟ್ಟು ಎಷ್ಟು" ಅಂತ ಕೇಳಿ, ಅದನ್ನು ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.

ಕೋಣೆಯ ವಿಷಯವೂ ಹಾಗೇ. ಬಾಲ್ಕನಿ ಇರುತ್ತೆ ಅಂದಿದ್ದರು. ಹೋಗಿ ನೋಡಿದರೆ ನಮ್ಮ ಕೋಣೆಗೆ ಕಿಟಕಿಯೇ ಇಲ್ಲ. ಲೈಟ್ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗದು. ಒಳಗಿನ ಕೋಣೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಲಗಲು ಮಾತ್ರ ಬರುವವರಿಗೆ ಅದೇ ಸಾಕು, ಅಗ್ಗವೂ ಹೌದು. ಆದರೆ ಬಾಲ್ಕನಿಯ ದುಡ್ಡು ಕೊಟ್ಟು ಅದರಲ್ಲಿ ಮಲಗುವುದು ಬೇರೆ ಮಾತು. ಟಿಕೆಟ್ಟಿನಲ್ಲಿ ಕೋಣೆಯ ನಮೂನೆ ಯಾವುದು, ಎಷ್ಟನೇ ಡೆಕ್ಕು, ಅಂದರೆ ಹಡಗಿನ ಎಷ್ಟನೇ ಮಹಡಿ, ಇಷ್ಟು ನೋಡಿದ್ದರೆ ಸಾಕಿತ್ತು. ಕನ್ನಡಕ ಹಾಕಿಕೊಂಡು ಎರಡು ನಿಮಿಷ ಓದುವ ಕೆಲಸ. ನಾನು ಓದಲಿಲ್ಲ.

ಇನ್ನೊಂದು, ಹೆಸರು. ಅಕ್ಕನನ್ನು ನಾವೆಲ್ಲ ಕರೆಯುವ ಹೆಸರೇ ಒಂದು, ಆಧಾರ್ ಕಾರ್ಡಿನಲ್ಲಿ ಇರುವುದೇ ಒಂದು. ನಾನು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿಬಿಟ್ಟೆ. ಲಕ್ಷದ್ವೀಪಕ್ಕೆ ನಮ್ಮ ದೇಶದವರೂ ಮೊದಲೇ ಪರವಾನಗಿ ತೆಗೆದುಕೊಳ್ಳಬೇಕು. ಪರವಾನಗಿಯಲ್ಲಿ, ಟಿಕೆಟ್ಟಿನಲ್ಲಿ, ಗುರುತಿನ ಚೀಟಿಯಲ್ಲಿ ಮೂರೂ ಕಡೆ ಒಂದೇ ಹೆಸರು ಇರಬೇಕು. ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ಇದು ಗೊತ್ತಾಗಿ, ಆ ನಾಲ್ಕು ದಿನ ಫೋನ್ ಹಿಡಿದು ಕೂತಿದ್ದೇ ಬಂತು. ಹೊರದೇಶಕ್ಕೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕು, ಅದರ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಸಿಂಗಪುರದಿಂದ ಹೊರಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುವ ಹಡಗಾದರೆ, ಎರಡು ಸಲ ಒಳಗೆ ಬಿಡುವಂಥ ವೀಸಾ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಮುಂಬೈಗೆ ಒಂದು ದಿನ ಮುಂಚೆಯೇ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಭಾಗದವರಿಗೆ ಮುಂಬೈ ಸುಲಭ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ, ಅಲ್ಲಿಂದ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಕೂತು ಎದ್ದಷ್ಟು ದೂರ. ಆದರೆ ಹಡಗು ರಾಯಚೂರು ಬಸ್ ಅಲ್ಲ, "ಹೋಲ್ಡಾನ್" ಅಂದರೆ ನಿಲ್ಲದು. ಹೊರಡುವ ಹೊತ್ತಿಗೆ ಒಂದು ತಾಸಿಗೂ ಮೊದಲೇ ಬಾಗಿಲು ಮುಚ್ಚುತ್ತಾರೆ. ಸಿಂಧನೂರು ಕಡೆಯ ಒಂದು ಕುಟುಂಬ ಅದೇ ದಿನ ಬೆಳಿಗ್ಗೆ ಬಂದು ಇಳಿಯುವ ಲೆಕ್ಕದಲ್ಲಿತ್ತು. ಅವರ ರೈಲು ತಡವಾಯಿತು. ನಾವು ಡೆಕ್ಕಿನ ಮೇಲೆ ನಿಂತು ಚಹಾ ಕುಡಿಯುವಾಗ ಅವರು ಗೇಟಿನ ಹೊರಗೆ ನಿಂತಿದ್ದರಂತೆ. ದುಡ್ಡೂ ಹೋಯಿತು, ಹಡಗೂ ಹೋಯಿತು.

ಸಾಮಾನಿನ ವಿಷಯಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮಾಕೆ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಶನ್ ಬೋರ್ಡ್, ಕಾಯಿ ಹೆರೆಯುವ ಚಾಕು, ಎರಡು ಡಬ್ಬಿ ತುಂಬ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಕಟ್ಟಿದ್ದಳು. ಸ್ಕ್ಯಾನಿಂಗಿನಲ್ಲಿ ಒಂದೊಂದೇ ಹೊರಗೆ ಬಂತು. "ಏನ್ರೀ ಇದು, ರೊಟ್ಟಿಯಿಂದ ಹಡಗು ಮುಳುಗ್ತದೇನು?" ಅಂತ ಆಕೆ ಕೇಳಿದಳು. ರೊಟ್ಟಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಮನೆಯ ಅಡುಗೆ ತರಬಾರದು ಅನ್ನುವುದು ಅವರ ನಿಯಮ. ಆದರೆ ಇಸ್ತ್ರಿ, ಕಾಯಿಲ್ ವಿಷಯದಲ್ಲಿ ನಾನು ಹಡಗಿನವರ ಕಡೆಯೇ. ಸಮುದ್ರದ ನಡುವೆ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಬರಲ್ಲ, ಓಡಿಹೋಗಲು ಬೀದಿಯೂ ಇಲ್ಲ. ಅವನ್ನೆಲ್ಲ ಚೀಟಿ ಅಂಟಿಸಿ ಇಟ್ಟುಕೊಂಡು ಇಳಿಯುವಾಗ ವಾಪಸ್ ಕೊಟ್ಟರು. ಒಂದು ಮಾತು ಮಾತ್ರ ಮರೆಯಬೇಡಿ. ದೊಡ್ಡ ಬ್ಯಾಗುಗಳನ್ನು ಕೆಳಗೇ ತೆಗೆದುಕೊಳ್ಳುತ್ತಾರೆ, ಅವು ಕೋಣೆಗೆ ಬರಲು ಎಷ್ಟೋ ತಾಸು ಆಗುತ್ತದೆ. ಬಿಪಿ, ಶುಗರ್ ಮಾತ್ರೆ, ಕಾರ್ಡುಗಳು, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಇರಲಿ. ನನ್ನ ಶುಗರ್ ಮಾತ್ರೆ ದೊಡ್ಡ ಬ್ಯಾಗಿನಲ್ಲಿತ್ತು, ಎದುರಿಗೆ ಬಫೆ ಇತ್ತು. ಮುಂದಿನದು ಹೇಳಬೇಕಾಗಿಲ್ಲ.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತೆಯ ಡ್ರಿಲ್. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಹೊಡೆದರೆ ಎಲ್ಲಿ ಬಂದು ನಿಲ್ಲಬೇಕು, ಲೈಫ್ ಜಾಕೆಟ್ ಹೆಂಗೆ ಕಟ್ಟಿಕೊಳ್ಳಬೇಕು ಅಂತ ತೋರಿಸುತ್ತಾರೆ. ನಮ್ಮವರು ಕೆಲವರು ಅದನ್ನೂ ಸೆಲ್ಫಿಯ ಹೊತ್ತು ಮಾಡಿಕೊಂಡಿದ್ದರು, ಕೆಲವರು ಬರಲೇ ಇಲ್ಲ. ನನಗೆ ಸಿಟ್ಟು ಬಂತು. ಸ್ಥಾವರದಲ್ಲಿ ಡ್ರಿಲ್ ತಪ್ಪಿಸುವವರನ್ನು ನೋಡಿದರೂ ಹೀಗೇ ಬರುತ್ತಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಲವು ದೇಶಗಳು ಕೂತು 1914ರಲ್ಲಿ ಹಡಗಿನ ಸುರಕ್ಷತೆಯ ಒಪ್ಪಂದ ಮಾಡಿಕೊಂಡವು. ಟೈಟಾನಿಕ್ ಮುಳುಗಿ ನೂರು ವರ್ಷ ಆಗುತ್ತ ಬಂದಾಗ, 2012ರ ಜನವರಿ 13ರಂದು, ಇಟಲಿಯ ಜೀಲ್ಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಹಡಗು ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಅವತ್ತು ಸಂಜೆಯಷ್ಟೇ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ ಹತ್ತಿ 24 ತಾಸಿನೊಳಗೆ ಮಾಡಿದರೆ ನಡೆಯುತ್ತಿತ್ತು. ಆಮೇಲೆ ನಿಯಮ ಬದಲಾಗಿ, 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಹದಿನೈದು ನಿಮಿಷ ನಿಂತರೆ ಯಾರ ಗಂಟೂ ಹೋಗುವುದಿಲ್ಲ.

ಹಡಗಿನ ಒಳಗಿನ ಬಗ್ಗೆ ಎಲ್ಲರೂ ಈಜುಕೊಳ, ಮ್ಯಾಜಿಕ್ ಶೋ ಅನ್ನುತ್ತಾರೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಸಾವಿರಕ್ಕೂ ಜಾಸ್ತಿ ಜನ, ಹಗಲೂ ರಾತ್ರಿ ಏಸಿ, ಅಡುಗೆ, ಲಿಫ್ಟು, ಲಾಂಡ್ರಿ. ಕರೆಂಟು ಎಲ್ಲಿಂದ? ಅವರದ್ದೇ ಡೀಸೆಲ್ ಜನರೇಟರ್‌ಗಳು. ಸ್ನಾನಕ್ಕೆ ನೀರು ಎಲ್ಲಿಂದ? ಸಮುದ್ರದಿಂದಲೇ. ಹಡಗುಗಳಲ್ಲಿ ಎಂಜಿನ್ನಿನಿಂದ ಸುಮ್ನೆ ಹೋಗುವ ಬಿಸಿಯನ್ನೇ ಹಿಡಿದು, ಒತ್ತಡ ಇಳಿಸಿದ ಪಾತ್ರೆಯಲ್ಲಿ ಉಪ್ಪುನೀರನ್ನು ಕಾಯಿಸುತ್ತಾರೆ. ಒತ್ತಡ ಕಡಿಮೆ ಇದ್ದರೆ ನೀರು 100 ಡಿಗ್ರಿಗಿಂತ ಎಷ್ಟೋ ಕೆಳಗೇ ಕುದಿಯುತ್ತದೆ, ಆ ಉಗಿ ತಣಿದರೆ ಸಿಹಿನೀರು. ಬಾಯ್ಲರ್ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮ್ಯಾಜಿಕ್ ಶೋ ಬೇಕಾ? ಸುತ್ತ ಉಪ್ಪುನೀರು ಇಟ್ಟುಕೊಂಡು ಅವರು ಇಡೀ ದಿನ ನಲ್ಲಿ ಬಿಡುತ್ತಾರೆ. ಎರಡು ಸಿಹಿನೀರಿನ ನದಿಗಳ ನಡುವೆ ಕೂತ ನಾವು ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುತ್ತೇವೆ.

ಎರಡನೇ ದಿನ ಮಧ್ಯಾಹ್ನದಿಂದ ಸಮುದ್ರ ಎದ್ದಿತು. "ನಾನು ತುಂಬಿದ ಕೃಷ್ಣೆಯಾಗ ಹರಿಗೋಲದಾಗ ಹೋದಾಕಿ, ನನಗೇನಾಗ್ತದ" ಅನ್ನುತ್ತಿದ್ದ ಅಕ್ಕ ಮೊದಲು ಮಲಗಿದಳು. ಆಕೆಗೆ ಸಿಕ್ಕಿದ್ದು ಹಡಗಿನ ಮೂತಿಯ ಕಡೆಯ ಮೇಲಿನ ಕೋಣೆ. ನಮ್ಮ ಲಿಂಗಸೂಗೂರು ಬಸ್ಸಿನ ಹಿಂದಿನ ಸೀಟು ನೆನೆಸಿಕೊಳ್ಳಿ. ಗುಂಡಿ ಬಂದರೆ ಹಿಂದೆ ಕೂತವರು ಸೂರಿಗೆ ಬಡಿಯುತ್ತಾರೆ, ನಡುವೆ ಕೂತವರಿಗೆ ಅಷ್ಟು ಗೊತ್ತಾಗದು. ಹಡಗೂ ಹಾಗೇ. ನಡುಭಾಗದ, ಕೆಳಗಿನ ಡೆಕ್ಕಿನ ಕೋಣೆ ಎಲ್ಲಕ್ಕಿಂತ ಕಡಿಮೆ ಆಡುತ್ತದೆ. ಅಕ್ಕಪಕ್ಕ ಹೊರಳುವುದನ್ನು ತಡೆಯಲು ಹಡಗಿಗೆ ನೀರೊಳಗೆ ರೆಕ್ಕೆಗಳಿರುತ್ತವೆ, ಆದರೆ ಮುಂದೆ ಹಿಂದೆ ಏರಿಳಿಯುವುದನ್ನು ಅವು ತಡೆಯಲಾರವು. ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಅದೇ ಹೊರಗೆ ಬರುತ್ತದೆ, ಮೊದಲೇ ತೆಗೆದುಕೊಳ್ಳಬೇಕು. ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಅದರಿಂದ ನಿದ್ದೆ ಜಾಸ್ತಿ ಬರುತ್ತದೆ, ಬೇರೆ ಕಾಯಿಲೆ ಇದ್ದವರಿಗೆ ಆಗದೆಯೂ ಹೋಗಬಹುದು. ಹೊರಗೆ ಬಂದು ದೂರದ ದಿಗಂತ ನೋಡುತ್ತ ಕೂತರೆ ಎಷ್ಟೋ ವಾಸಿ. ಹಸಿ ಶುಂಠಿ ನಮ್ಮಾಕೆಗೆ ಆಗಿಬಂತು.

ಮೂರನೇ ದಿನ ಲಕ್ಷದ್ವೀಪದ ಅಗತ್ತಿ ದ್ವೀಪ ಕಂಡಿತು. ಕಂಡಿತು ಅಷ್ಟೇ. ಅಲ್ಲಿ ನೀರು ಆಳ ಇಲ್ಲದ್ದರಿಂದ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಒಯ್ಯಬೇಕು. ಅಲೆ ಜಾಸ್ತಿ ಇದ್ದರೆ ದೋಣಿಗೆ ಇಳಿಸಲು ಆಗದು. ಮೂರು ತಾಸು ಕಾದು, ಕೊನೆಗೆ ಇವತ್ತು ದ್ವೀಪ ಇಲ್ಲ ಅಂತ ಮೈಕಿನಲ್ಲಿ ಹೇಳಿದರು. ಆ ನಿರ್ಧಾರ ಸರಿಯೇ, ನಾನಾದರೂ ಹಾಗೇ ಮಾಡುತ್ತಿದ್ದೆ. ನನ್ನ ತಕರಾರು ಏಜೆಂಟರ ಮೇಲೆ. ಮಳೆಗಾಲ ಹತ್ತಿರ ಬಂದಾಗ ಅರಬ್ಬಿ ಸಮುದ್ರ ಏಳುತ್ತದೆ ಅಂತ ಮೀನುಗಾರರ ಮಕ್ಕಳಿಗೂ ಗೊತ್ತು. ಟಿಕೆಟ್ ಅಗ್ಗ ಇದೆ ಅಂತ ಮೇ ತಿಂಗಳು ಕೊಟ್ಟರು, ಯಾಕೆ ಅಗ್ಗ ಅಂತ ಹೇಳಲಿಲ್ಲ. ಲಕ್ಷದ್ವೀಪವನ್ನೇ ನೋಡಬೇಕು ಅನ್ನುವವರು ಡಿಸೆಂಬರಿಂದ ಮಾರ್ಚ್ ಒಳಗೆ ಹೋಗಿ. ಹವಾಮಾನದ ಕಾರಣಕ್ಕೆ ದಾರಿ ಬದಲಿಸುವ, ಊರು ಬಿಡುವ ಹಕ್ಕು ಹಡಗಿನವರಿಗೆ ಇದೆ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತದೆ.

ಊಟ ಚೆನ್ನಾಗಿತ್ತು. ಸಸ್ಯಾಹಾರ, ಜೈನ ಊಟ ಬೇರೆಯೇ ಇತ್ತು, ಮೂರನೇ ದಿನಕ್ಕೆ ಜೋಳದ ರೊಟ್ಟಿ ನೆನಪಾಯಿತು ಅಷ್ಟೇ. ಬಫೆಗೆ ಹೋಗುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಹಡಗಿನಲ್ಲಿ ಹೊಟ್ಟೆಯ ಸೋಂಕು ಬೇಗ ಹರಡುತ್ತದೆ, ಅದಕ್ಕೆ ಬರೀ ಸ್ಯಾನಿಟೈಸರ್ ಸಾಲದು. ಕಾಫಿ, ತಂಪು ಪಾನೀಯ, ಬಾಟಲಿ ನೀರು ಇವಕ್ಕೆ ನಮ್ಮ ಹಡಗಿನಲ್ಲಿ ಬೇರೆ ದುಡ್ಡು. ನಗದು ನಡೆಯಲ್ಲ, ಕೋಣೆಯ ಬೀಗದ ಕಾರ್ಡನ್ನೇ ತೋರಿಸಬೇಕು. ಕಾರ್ಡು ತೋರಿಸುವಾಗ ದುಡ್ಡು ಕೊಟ್ಟಂಗೆ ಅನ್ನಿಸೋದೇ ಇಲ್ಲ, ಬಿಲ್ಲು ಕೊನೆಯ ರಾತ್ರಿ ಬಾಗಿಲ ಕೆಳಗಿಂದ ಬರುತ್ತದೆ. ಫೋನನ್ನು ಬಂದರು ಬಿಡುವಾಗಲೇ ಫ್ಲೈಟ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಂಡು ಕೂತಲ್ಲೇ ದುಡ್ಡು ತಿನ್ನಬಹುದು.

ವಾಪಸ್ ಬಂದ ಮೇಲೆ ಬಾಲ್ಕನಿಯ ವ್ಯತ್ಯಾಸದ ದುಡ್ಡು ಕೇಳಲು ಹೋದೆ. ಏಜೆಂಟರು ಕಂಪನಿ ಅಂದರು, ಕಂಪನಿಯವರು ಏಜೆಂಟರು ಅಂದರು. ಎರಡು ತಿಂಗಳು ಹೀಗೇ ಆಯಿತು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕಂಪನಿ ಮುಂಬೈಯಲ್ಲಿದ್ದರೂ ನಾವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹಾಕಬಹುದು. ಇದು ನನಗೂ ಆಮೇಲೆ ಗೊತ್ತಾದದ್ದು. ಹಾಗೆ ಹಾಕುತ್ತೇನೆ ಅಂತ ಒಂದು ಪತ್ರ ಬರೆದ ಮೇಲೆ ಕೋಣೆಯ ವ್ಯತ್ಯಾಸ ಬಂತು, ಅದರ ಜೊತೆಗೆ ಇಳಿಯದೇ ಹೋದ ದ್ವೀಪದ ಶುಲ್ಕವೂ ಬಂತು. ಕರಪತ್ರ, ರಸೀದಿ, ವಾಟ್ಸ್ಆ್ಯಪ್‌ನಲ್ಲಿ ಅವರು "ಬಾಲ್ಕನಿ ಪಕ್ಕಾ ಸರ್" ಅಂತ ಹಾಕಿದ್ದ ಮೆಸೇಜು, ಮೂರೂ ಇಟ್ಟುಕೊಂಡಿದ್ದೆ. ಅದರಿಂದಲೇ ಆಯಿತು.

ಮುಂದಿನ ಸಲ ಪುರವಣಿಯಲ್ಲಿ ಇಂಥ ಲೇಖನ ಹಾಕುವಾಗ ಫೋಟೊ ಒಂದು ಕಡಿಮೆ ಮಾಡಿ, ಆ ಜಾಗದಲ್ಲಿ ಒಟ್ಟು ಖರ್ಚು, ಹೋಗುವ ತಿಂಗಳು, ಬೇಕಾದ ಕಾಗದ ಪತ್ರ ಇಷ್ಟನ್ನಾದರೂ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅಕ್ಕ ಆಗಲೇ ಜನವರಿಗೆ ಮತ್ತೆ ಹೋಗೋಣ ಅನ್ನುತ್ತಿದ್ದಾಳೆ. ಬಸ್ಸಿನ ನಡುವಿನ ಸೀಟೇ ಆಗಬೇಕಂತೆ.

ಇಂತಿ,
ನಿಮ್ಮ ಓದುಗ, ನಿವೃತ್ತ ನೌಕರ
ರಾಯಚೂರು